ಹನ್ನೊಂದನೆಯ ಅಕ್ಷರ

ವಾಲಿದೆ, ಮೊದಲನೆಯ ಅಕ್ಷರವೇ ಬಲಕ್ಕೆ ವಾಲಿದೆ, ಸದ್ದು ಮಾಡಬೇಡಿ ಎಂದು ಎದುರು ಗೋಡೆಯ ಮೇಲೆ ಬರೆದ ಪುಣ್ಯಾತ್ಮ ಯಾರೋ, ದಾರ ಹಿಡಿದು ಗೆರೆ ಹೊಡೆಯದೆ ಬರೀ ಕಣ್ಣಳತೆಯಲ್ಲಿ ಬರೆದು ಕೈತೊಳೆದುಕೊಂಡಿದ್ದಾನೆ, ಮೊದಲನೆಯದು ವಾಲಿದ ಮೇಲೆ ಉಳಿದವೂ ಒಂದರ ಬೆನ್ನಿಗೊಂದು ವಾಲುತ್ತಾ ಹೋಗಿ ಕೊನೆಯದು ಕಿಟಕಿಯ ಚೌಕಟ್ಟಿಗೆ ತಲೆ ಹೊಡೆದುಕೊಂಡು ನಿಂತಿದೆ, ಇವರು ನೋಡಿದ್ದರೆ ಇಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದರು, ಥೂ, ಇದನ್ನ ಬರೆದೋನ ಕೈಗೆ ಏನಾಗಿತ್ತೇ, ಎನ್ನುತ್ತಿದ್ದರು — ಎನ್ನುತ್ತಿದ್ದರು, ಈಗ ಎನ್ನುವವರಿಲ್ಲ, ನನ್ನ ಗಂಡ ಹೋಗಿ ಎರಡು ವರ್ಷ ನಾಲ್ಕು ತಿಂಗಳು, ಆದರೂ ನಾಲಿಗೆಯ ತುದಿಯಲ್ಲಿ ಮೊದಲು ಕೂತಿರುವುದು ಇವರು ನೋಡಿದ್ದರೆ ಎಂಬ ಮಾತೇ. ಬೋರ್ಡು ಬರೆಯುವವನ ಹೆಂಡತಿಯಾಗಿ ಮೂವತ್ತೊಂದು ವರ್ಷ ಬಾಳಿದವಳು ಕೋರ್ಟಿಗೆ ಬಂದರೂ ನೋಡುವುದು ಅಕ್ಷರವನ್ನೇ, ಪೊಲೀಸರನ್ನಲ್ಲ, ಕರಿಕೋಟುಗಳನ್ನಲ್ಲ, ಬೆಂಚಿನ ಆ ತುದಿಯಲ್ಲಿ ಕೂತು ಉಗುರು ಕಡಿಯುತ್ತಿರುವ ಗಂಡಸನ್ನಲ್ಲ, ಪಾಪ, ಅವನು ಯಾವುದೋ ಪಾರ್ಕಿನ ಹುಲ್ಲಿಗೆ ಬೆಂಕಿ ಹಚ್ಚಿದವನಂತೆ, ಚಳಿ ಕಾಯಿಸಿಕೊಳ್ಳೋಕೆ ಅಷ್ಟೇ ಮೇಡಂ ಅಂತ ಆಗಿನಿಂದ ತನ್ನಷ್ಟಕ್ಕೆ ಅಭ್ಯಾಸ ಮಾಡುತ್ತಿದ್ದಾನೆ. ನಾನೂ ಅಭ್ಯಾಸ ಮಾಡಬೇಕಂತೆ. ಅಮ್ಮಾ, ಒಂದ್ಸಲ ಹೇಳು ನೋಡೋಣ, ತಪ್ಪಾಯ್ತು, ಒಪ್ಕೋತೀನಿ, ಅಷ್ಟೇ, ಎರಡು ಮಾತು, ಎನ್ನುತ್ತಾಳೆ ಪಕ್ಕದಲ್ಲಿ ಕೂತ ಮಗಳು, ಅರ್ಧ ದಿನ ರಜೆ ಹಾಕಿ ಬಂದವಳು, ಕೈಯಲ್ಲಿ ಫೋನು, ಮುಖದ ತುಂಬ ಅವರಪ್ಪನ ಹುಬ್ಬು. ಹೂಂ ಎಂದೆ. ನಮ್ಮ ಸಂಖ್ಯೆ ಇನ್ನೂರ ಹದಿನಾಲ್ಕು, ಈಗ ನಡೆಯುತ್ತಿರುವುದು ಇನ್ನೂರ ಎಂಟು.

ತಪ್ಪಾಯ್ತು, ಒಪ್ಪಿಕೊಳ್ಳುತ್ತೇನೆ, ಹೇಳುವುದಕ್ಕೇನು, ಬಾಯಿ ಸವೆಯುತ್ತದೆಯೇ, ಆದರೆ ಕಾಗದದಲ್ಲಿ ಏನು ಬರೆದಿದ್ದಾರೆ ಎಂದು ವಕೀಲರು ಓದಿ ಹೇಳಿದಾಗಿನಿಂದ ಆ ಮಾತೇ ಕಿವಿಯಲ್ಲಿದೆ, ಸಾರ್ವಜನಿಕ ಕೆರೆಯ ದಂಡೆಯಲ್ಲಿ ಅಳವಡಿಸಿದ್ದ ಸೂಚನಾ ಫಲಕವನ್ನು ಬಣ್ಣ ಬಳಿದು ವಿರೂಪಗೊಳಿಸಿದ್ದು, ವಿರೂಪವಂತೆ, ವಿರೂಪ! ಬಣ್ಣ ಹೋದ ಅಕ್ಷರದೊಳಗೆ ಅದೇ ಬಣ್ಣ ತುಂಬಿದರೆ ಅದು ವಿರೂಪವಾದರೆ ಬಿದ್ದ ಗೋಡೆ ಕಟ್ಟಿದವನನ್ನೂ ಜೈಲಿಗೆ ಹಾಕಿ, ಎಂದೆ ವಕೀಲರಿಗೆ, ಅವರು ನಕ್ಕರು, ಒಳ್ಳೆಯ ಮನುಷ್ಯ, ಮಗಳ ಗೆಳತಿಯ ಸೋದರಮಾವ, ಕೋಟಿನ ಮೊಣಕೈ ಬೆಳ್ಳಗಾಗಿದೆ. ನೋಡಿ ಅಮ್ಮಾ, ಅವರು ಬರೆಯೋದೇ ಹಾಗೆ, ನೀವು ತಲೆ ಕೆಡಿಸ್ಕೋಬೇಡಿ, ಒಪ್ಕೊಂಡ್ರೆ ಹತ್ತು ನಿಮಿಷ, ಸಣ್ಣ ದಂಡ ಹಾಕ್ತಾರೆ, ಮನೆಗೆ ಹೋಗಿ ಊಟ ಮಾಡ್ಬಹುದು. ಆಮೇಲೆ ಬೋರ್ಡು? ಬೋರ್ಡಾ, ಅದು ಜಪ್ತಿ ಮಾಲು, ಕೇಸು ಮುಗೀತು ಅಂದ್ರೆ ಇಲಾಖೆಗೆ ವಾಪಸ್ಸು, ಅವರು ಅದನ್ನ ಇಟ್ಕೊಂಡು ಪೂಜೆ ಮಾಡ್ತಾರಾ, ಗುಜರಿಗೆ ಹಾಕ್ತಾರೆ, ಅಲ್ಲಿ ಹೊಸ ಬೋರ್ಡು ಬಂದಾಗಿದೆಯಲ್ಲ. ನಂಗೆ ಕೊಡಲ್ವಾ? ಸರ್ಕಾರದ ಸಾಮಾನು ನಿಮಗೆ ಹೇಗೆ ಕೊಡ್ತಾರಮ್ಮಾ. ಗುಜರಿಯವನ ಹತ್ರ ಹೋಗಿ ಕೇಳಿದ್ರೆ? ಹರಾಜಾಗಿ ಯಾವ ಊರಿನ ಗುಜರಿಗೆ ಹೋಗುತ್ತೋ, ಯಾವ ಭಟ್ಟಿಗೆ ಬೀಳುತ್ತೋ, ಯಾರಿಗೆ ಗೊತ್ತು ಎಂದು ವಕೀಲರು ನನ್ನ ಮುಖ ನೋಡಿದರು, ನಾನು ಎದುರು ಗೋಡೆಯ ವಾಲಿದ ಅಕ್ಷರ ನೋಡಿದೆ. ಇನ್ನೂರ ಒಂಬತ್ತು, ಎಂದು ಕೂಗುವವನು ಬಾಗಿಲಿನಿಂದ ತಲೆ ಹೊರಹಾಕಿ ಕೂಗಿದ.

ನನ್ನ ಗಂಡ ಬರೆದದ್ದರಲ್ಲಿ ಅದೊಂದೇ ಉಳಿದದ್ದು, ಅದನ್ನು ಈ ಜನಕ್ಕೆಲ್ಲ ಹೇಗೆ ಹೇಳುವುದು, ಊರ ತುಂಬ ಇವರ ಕೈ ಇತ್ತು, ಔಷಧಿ ಅಂಗಡಿ, ದರ್ಜಿ ಅಂಗಡಿ, ಸೈಕಲ್ ರಿಪೇರಿ, ಹಲ್ಲಿನ ಡಾಕ್ಟರು, ಹೆಣ್ಣುಮಕ್ಕಳ ಶಾಲೆಯ ಗೇಟಿನ ಮೇಲೆ ಎರಡಾಳುದ್ದದ ಅಕ್ಷರ, ಲಾರಿಗಳ ಹಿಂದೆ, ಹಾಲಿನ ಡಬ್ಬಗಳ ಮೇಲೆ, ನಾನು ಮಾರ್ಕೆಟ್ಟಿಗೆ ಹೊರಟರೆ ಬೀದಿಯ ಉದ್ದಕ್ಕೂ ಇವರೇ ಮಾತಾಡಿಸಿದ ಹಾಗಿರುತ್ತಿತ್ತು. ಆಮೇಲೆ ಪ್ರಿಂಟಿನ ಬೋರ್ಡು ಬಂತು, ಹೊಳೆಯುವ ಬಟ್ಟೆಯ ಮೇಲೆ ಕಂಪ್ಯೂಟರಿನಿಂದ ಒಂದು ಗಂಟೆಯಲ್ಲಿ ಬೋರ್ಡು, ಒಂದೊಂದಾಗಿ ಕಿತ್ತರು, ಇವರು ಇದ್ದಾಗಲೇ ಅರ್ಧ ಹೋಗಿತ್ತು, ಹೋದ ಮೇಲೆ ಉಳಿದರ್ಧ, ದರ್ಜಿಯವನ ಅಂಗಡಿ ಮುಂದೆ ಒಂದು ಬೆಳಗ್ಗೆ ನಿಂತುಬಿಟ್ಟೆ, ಬೋರ್ಡಿದ್ದ ಜಾಗದಲ್ಲಿ ಮೊಳೆಯ ನಾಲ್ಕು ತೂತು, ದರ್ಜಿ ಒಳಗಿನಿಂದ, ಯಾಕಕ್ಕಾ, ಬಟ್ಟೆ ಏನಾದ್ರೂ ಇತ್ತಾ ಅಂದ, ಏನೂ ಇಲ್ಲಪ್ಪ ಅಂದೆ. ಏನೂ ಇರಲಿಲ್ಲ ಅನ್ನುವುದೇ ವಿಷಯ. ಅಳು ಬಂದಿತ್ತು, ನುಂಗಿಕೊಂಡೆ, ಬೀದಿಯಲ್ಲಿ ನಿಂತು ತೂತು ನೋಡಿ ಅಳುವ ಹೆಂಗಸನ್ನು ಜನ ಏನಂದುಕೊಂಡಾರು. ಫೋಟೋ ಇದೆಯಲ್ಲಮ್ಮಾ, ಮನೆಯಲ್ಲಿ ಅಷ್ಟು ದೊಡ್ಡ ಫೋಟೋ ಹಾಕಿದೀವಲ್ಲ ಎನ್ನುತ್ತಾಳೆ ಮಗಳು, ಫೋಟೋದಲ್ಲಿರುವುದು ಯಾರದೋ ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕೂತ ಮನುಷ್ಯ, ಅದರಲ್ಲಿ ಇವರಿಲ್ಲ, ಇವರು ಇದ್ದದ್ದು ಅಕ್ಷರದ ಕೊನೆಗೆ ಎಳೆಯುವ ಆ ಬಾಲದಲ್ಲಿ, ಕುಂಚ ಎತ್ತುವ ಮುಂಚೆ ಒಂದು ಕ್ಷಣ ತಡೆದು, ಉಸಿರು ಬಿಟ್ಟು, ಮೇಲಕ್ಕೆ ಒಂದಿಷ್ಟೇ ತಿರುಗಿಸಿ ಬಿಡುತ್ತಿದ್ದರಲ್ಲ, ಅದರಲ್ಲಿ.

ಟಪ್ ಎಂದಿತು, ಬೆಚ್ಚಿಬಿದ್ದೆ, ಗುಮಾಸ್ತೆ ಮುದ್ರೆ ಒತ್ತಿದ ಸದ್ದು, ನನಗೆ ಕೇಳಿದ್ದು ದಾರದ ಸದ್ದು. ಸುಣ್ಣದ ಪುಡಿ ಸವರಿದ ದಾರ, ಆ ತುದಿ ಇವರ ಹೆಬ್ಬೆರಳಿನಡಿ, ಈ ತುದಿ ನನ್ನ ಹೆಬ್ಬೆರಳಿನಡಿ, ನಡುವೆ ಬಿಳಿ ತಗಡು, ಬಿಗಿ ಹಿಡಿ, ಇನ್ನೂ ಬಿಗಿ, ಹಾಂ ಎನ್ನುತ್ತಾ ಎರಡು ಬೆರಳಿನಿಂದ ಎತ್ತಿ ಬಿಟ್ಟರೆ ಟಪ್, ತಗಡಿನ ಮೇಲೆ ನೆಟ್ಟನೆಯ ಬಿಳಿ ಗೆರೆ, ಅಲ್ಲ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ, ಬಿಳಿ ತಗಡಿಗೆ ಇದ್ದಿಲ ಪುಡಿ, ಕಪ್ಪು ತಗಡಿಗೆ ಸುಣ್ಣ, ನೋಡು, ಎರಡೇ ವರ್ಷಕ್ಕೆ ಮರೆಯಲು ಶುರುಮಾಡಿದ್ದೇನೆ, ಇದೇ ನನಗೆ ಹೆದರಿಕೆ. ಮದುವೆಗೆ ಮುಂಚೆ ಇವರು ನನ್ನಪ್ಪನ ಬಣ್ಣದ ಅಂಗಡಿಗೆ ಬರುತ್ತಿದ್ದರು, ದೊಡ್ಡ ಡಬ್ಬ ತಗೊಂಡ್ರೆ ತಿಂಗಳಿಗಾಗುತ್ತಲ್ಲಯ್ಯಾ ಎಂದು ಅಪ್ಪ ಹೇಳಿದರೂ ಪುಟ್ಟ ಡಬ್ಬವನ್ನೇ ಒಯ್ಯುತ್ತಿದ್ದರು, ಮೂರು ದಿನಕ್ಕೊಂದು, ಕೆಂಪು ಖಾಲಿಯಾಯ್ತು, ಹಳದಿ ಖಾಲಿಯಾಯ್ತು, ಅಪ್ಪನಿಗೆ ಆಮೇಲೆ ತಲೆಗೆ ಹೋಯಿತು, ಇವನಿಗೆ ಬೇಕಾಗಿರೋದು ಬಣ್ಣ ಅಲ್ಲ ಕಣೇ ಎಂದು ಅಮ್ಮನ ಹತ್ತಿರ ಅಂದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತ್ತು, ಗೋಡೆಗೆ ಬೆನ್ನು ಕೊಟ್ಟು ನಿಂತು ಮುಖವೆಲ್ಲ ಬಿಸಿ. ಮದುವೆಯಾದ ಮೇಲೆ ಕೆಲಸ ಕಲಿಸಿದರು, ಹೊರಗೆರೆ ಇವರದು, ಒಳಗೆ ತುಂಬುವುದು ನನ್ನದು, ಗೆರೆ ದಾಟಬೇಡ, ಅದೊಂದೇ ಪಾಠ, ಕಪ್ಪು ಗೆರೆಯನ್ನ ಮುಟ್ಟು ಆದ್ರೆ ದಾಟಬೇಡ, ಮೊದಮೊದಲು ದಾಟಿ ಬೈಸಿಕೊಂಡೆ, ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟೆ, ಮೂರನೆಯ ದಿನ ಇವರೇ ಕುಂಚ ತೊಳೆದು ತಂದು ಪಕ್ಕದಲ್ಲಿಟ್ಟು ಕೆಮ್ಮಿದರು, ಅದು ಇವರ ಕ್ಷಮೆ, ಬಾಯಿಬಿಟ್ಟು ಕೇಳಿದವರಲ್ಲ. ಮತ್ತೆ ಇನ್ನೊಂದು ನಿಯಮ, ಕೊನೆಯ ಅಕ್ಷರ ಇವರದು. ಎಷ್ಟೇ ದೊಡ್ಡ ಬೋರ್ಡಾಗಲಿ, ಎಷ್ಟೇ ಅವಸರವಾಗಲಿ, ಕೊನೆಯದನ್ನು ನಾನು ತುಂಬುವಂತಿಲ್ಲ, ಅದನ್ನ ನಂಗೆ ಬಿಡು ಎಂದು ನನ್ನ ಕೈಯಿಂದಲೇ ಕುಂಚ ತೆಗೆದುಕೊಂಡು, ನನ್ನ ಬೆರಳಿನ ಬಿಸಿ ಇನ್ನೂ ಹಿಡಿಯಲ್ಲಿರುವಾಗಲೇ ತುಂಬಿ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ, ಹೂಂ, ಆಯ್ತು, ಏಳು ಎನ್ನುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ, ಮುಗಿಸೋದನ್ನೂ ನೀನೊಬ್ಬಳೇ ಮಾಡಿದ್ರೆ ಆಮೇಲೆ ನಾನ್ಯಾಕೆ ಬೇಕು ನಿಂಗೆ ಎಂದಿದ್ದರು, ನಕ್ಕಿದ್ದೆ, ಯಾಕೆ ನಕ್ಕೆನೋ.

ಅಮ್ಮಾ ನೀರು ಕುಡೀತೀಯಾ. ಬೇಡ. ಸಿಟ್ಟಾ ನನ್ಮೇಲೆ? ಇಲ್ಲ ಕಣೇ, ಸಿಟ್ಟು ಯಾಕೆ, ಎಂದೆ, ನಿಜವಾಗಿಯೂ ಇಲ್ಲ, ಆದರೆ ಅವಳಿಗೆ ಹಾಗನಿಸುತ್ತದೆ, ಪ್ರಿಂಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ದಿನ ಅವರಪ್ಪ ಮಾತಾಡಲಿಲ್ಲವಲ್ಲ, ಒಂದು ತಿಂಗಳು ಮಾತಾಡಲಿಲ್ಲ, ಊಟಕ್ಕೆ ಕೂತರೆ ಅವಳಿಗೆ ನೀರು ಕೊಡು ಎಂದು ನನ್ನ ಮೂಲಕ ಹೇಳುತ್ತಿದ್ದರು, ಆಮೇಲೆ ಒಂದು ದಿನ ಅವಳ ಕಂಪ್ಯೂಟರ್ ಮುಂದೆ ಹೋಗಿ ನಿಂತು, ಈ ಅಕ್ಷರಕ್ಕೂ ಆ ಅಕ್ಷರಕ್ಕೂ ಮಧ್ಯೆ ಜಾಗ ಜಾಸ್ತಿಯಾಯ್ತಲ್ಲ ಎಂದು ತಿದ್ದಿ ಬಂದರಂತೆ, ಅಂಗಡಿಯವರೆಲ್ಲ ಎದ್ದು ನಿಂತಿದ್ದರಂತೆ, ಇವಳು ಮನೆಗೆ ಬಂದು ಹೇಳುವಾಗ ಕಣ್ಣು ಒರೆಸಿಕೊಂಡಿದ್ದಳು. ಇವಳೇ ಹೇಳಿದ್ದು ನನಗೆ. ಅಡುಗೆಮನೆಯ ಕಟ್ಟೆಗೆ ಒರಗಿ, ಚಹಾ ಊದುತ್ತಾ, ಅಮ್ಮಾ, ಕೆರೆ ಹತ್ರದ ಬೋರ್ಡು ಬದಲಾಯಿಸ್ತಾರಂತೆ, ನಮ್ಮಲ್ಲೇ ಆರ್ಡರ್ ಬಂದಿದೆ, ಬಣ್ಣ ಹೋಗಿ ಓದೋಕಾಗಲ್ವಂತಲ್ಲ, ಮುಂದಿನ ವಾರ. ಅಷ್ಟೇ. ಸೌಟು ಕೈಯಲ್ಲೇ ಉಳಿಯಿತು. ಓದೋಕಾಗಲ್ವಂತೆ, ಅದೇ ತಾನೇ ತೊಂದರೆ, ಓದುವ ಹಾಗಾದರೆ ಬದಲಾಯಿಸುವುದೇಕೆ, ಕೆಂಪು ಬಣ್ಣ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಸಾಯುತ್ತದೆ, ಕಪ್ಪು ಕೊನೆಗೆ ಸಾಯುತ್ತದೆ, ಹಾಗಾಗಿ ನಾನು ತುಂಬಿದ್ದು ಹೋಗಿದೆ, ಇವರ ಗೆರೆ ಇನ್ನೂ ಇದೆ, ತುಂಬಿದರಾಯಿತು, ನನ್ನ ಕೆಲಸ ತಾನೇ ಅದು, ನನ್ನ ಅರ್ಧ ನಾನು ಮಾಡಿಬಿಟ್ಟರೆ ಬೋರ್ಡು ಮತ್ತೆ ಬದುಕುತ್ತದೆ — ಹೀಗೆ ಅಂದುಕೊಂಡೆ, ಕೇಳುವವರು ಯಾರು, ಅನುಮತಿ, ಅರ್ಜಿ, ಅದೆಲ್ಲ ಹೊಳೆಯಲೇ ಇಲ್ಲ, ನಮ್ಮ ಬೋರ್ಡು ನಾವು ತಿದ್ದಲು ಅರ್ಜಿ ಯಾಕೆ. ಇನ್ನೂರ ಹನ್ನೊಂದು. ಹುಲ್ಲಿಗೆ ಬೆಂಕಿ ಹಚ್ಚಿದವನು ಎದ್ದು ಷರಟು ಎಳೆದುಕೊಂಡು ಒಳಗೆ ಹೋದ.

ಬೆಳಗ್ಗೆ ಹತ್ತು ಗಂಟೆಯ ಬಿಸಿಲು, ಕೈಚೀಲದಲ್ಲಿ ಪುಟ್ಟ ಡಬ್ಬ ಕೆಂಪು, ಟರ್ಪಂಟೈನು ಸೀಸೆ, ಉಜ್ಜುವ ಕಾಗದ, ಇವರ ಎರಡನೆಯ ನಂಬರಿನ ಕುಂಚ, ಅದರ ಹಿಡಿಗೆ ಇವರು ಸುತ್ತಿದ ದಾರ ಹಾಗೇ ಇದೆ, ಕೂರಲು ಮಡಚುವ ಸ್ಟೂಲು, ಕೆರೆಯ ದಂಡೆಯ ಆ ಕಡೆ ಬಾತುಕೋಳಿ, ಈ ಕಡೆ ನಾನು, ಇಲ್ಲಿ ನೀರಿಗೆ ಇಳಿಯಬಾರದು, ಹನ್ನೊಂದು ಅಕ್ಷರ, ಎಣಿಸಿದೆ, ಎಣಿಸುವುದೇನು, ಗೊತ್ತಿದ್ದದ್ದೇ, ಮಗಳು ಹೊಟ್ಟೆಯಲ್ಲಿದ್ದಾಗ ಬರೆದ ಬೋರ್ಡು, ನಾನು ಬಗ್ಗಲಾಗದೆ ಗೋಣಿಯ ಮೇಲೆ ಕಾಲು ಚಾಚಿ ಕೂತು ತುಂಬಿದ್ದೆ. ಮೊದಲು ಒರೆಸಿದೆ, ಉಜ್ಜಿದೆ, ಇವರ ಗೆರೆ ಮೆಲ್ಲಗೆ ಎದ್ದು ಬಂತು, ಬೆರಳಿಟ್ಟು ನೋಡಿದೆ, ಗೆರೆಗೆ ಒಂದು ದಪ್ಪ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ, ಇವರ ಕೈ ಅಲ್ಲಿ ಹೋಗಿ ಇಲ್ಲಿ ತಿರುಗಿ ಅಲ್ಲಿ ನಿಂತದ್ದೆಲ್ಲ ಬೆರಳ ತುದಿಗೆ ಬಂತು, ನನ್ನ ದೇವರೇ, ಎರಡು ವರ್ಷದಲ್ಲಿ ಮೊದಲ ಸಲ ಇವರನ್ನು ಮುಟ್ಟಿದ ಹಾಗಾಯಿತು. ಕುಂಚ ಅದ್ದುವ ಮುಂಚೆ ಮಾಡಿದ ಕೆಲಸ ಒಂದಿದೆ, ಅದನ್ನು ನೆನೆದರೆ ಈಗ ನಗುವೋ ಅಳುವೋ ತಿಳಿಯುವುದಿಲ್ಲ, ಚೀಲದಿಂದ ಹಳೆಯ ರಟ್ಟಿನ ಚೀಟಿ ತೆಗೆದು ಬೋರ್ಡಿನ ಮೂಲೆಗೆ ಕಟ್ಟಿದೆ, ಹಸಿ ಬಣ್ಣ, ಮುಟ್ಟಬೇಡಿ, ಮೂವತ್ತೊಂದು ವರ್ಷದ ಅಭ್ಯಾಸ, ಚೀಟಿ ಕಟ್ಟದೆ ಡಬ್ಬದ ಮುಚ್ಚಳ ತೆಗೆಯಬಾರದು, ಇವರ ಕಟ್ಟಪ್ಪಣೆ. ಕಳ್ಳತನಕ್ಕೆ ಹೋದವಳು ದೀಪ ಹಚ್ಚಿಕೊಂಡು ಹೋದ ಹಾಗೆ. ಸುಮ್ಮನೆ ಕೂತು ತುಂಬಿದ್ದರೆ ಯಾರೋ ಅಜ್ಜಿ ಗಾಳಿ ಕುಡಿಯುತ್ತಿದ್ದಾಳೆ ಎಂದು ಹೋಗುವವರು ಹೋಗುತ್ತಿದ್ದರು, ಚೀಟಿ ಕಂಡರೆ ಬಿಡುತ್ತಾರೆಯೇ, ಮುಟ್ಟಬೇಡಿ ಎಂದರೆ ಮುಟ್ಟಿ ನೋಡದ ಮನುಷ್ಯ ಇನ್ನೂ ಹುಟ್ಟಿಲ್ಲ, ವಾಕಿಂಗ್ ಬಂದ ದಪ್ಪನೆಯವರು ಮುಟ್ಟಿದರು, ಒಬ್ಬಳು ಹುಡುಗಿ ಮುಟ್ಟಿದಳು, ಕೊನೆಗೆ ಕೆರೆಯ ಕಾವಲುಗಾರ, ಎಲ್ಲದಕ್ಕೂ ಸೀಟಿ ಊದುತ್ತಾನೆಂದು ಊರೆಲ್ಲ ಅವನನ್ನು ಸೀಟಿ ಎನ್ನುವುದು, ಅವನು ಬಂದು ಚೀಟಿ ಓದಿ, ಬೆರಳಿಟ್ಟು ಒತ್ತಿ, ಬೆರಳು ನೋಡಿ, ಅದನ್ನು ತನ್ನ ಹೊಸ ಸಮವಸ್ತ್ರದ ಪ್ಯಾಂಟಿಗೆ ಒರೆಸಿಕೊಂಡು, ಆಮೇಲೆ ಪ್ಯಾಂಟು ನೋಡಿಕೊಂಡು ಸೀಟಿ ಊದಿದ. ಯಾರಮ್ಮಾ ನೀನು, ಯಾರು ಹೇಳಿದ್ರು ನಿಂಗೆ? ಯಾರು ಹೇಳಬೇಕಪ್ಪ, ಇದು ನಮ್ಮದೇ ಬೋರ್ಡು. ನಿಮ್ಮದಾ, ಹಾಗಾದ್ರೆ ಕೆರೆನೂ ನಿಮ್ಮದಾ? ಅವನಿಗೆ ಸಿಟ್ಟು ಬಂದದ್ದು ಬೋರ್ಡಿಗಲ್ಲ, ಪ್ಯಾಂಟಿಗೆ, ಮನೆಯಲ್ಲಿ ಬೈಸಿಕೊಳ್ಳಬೇಕಿತ್ತೇನೋ, ಟರ್ಪಂಟೈನ್ ಹಚ್ಚಿ ಕೊಡ್ತೀನಿ ಬಾ, ಕಲೆ ಹೋಗುತ್ತೆ ಎಂದೆ, ಆ ಮಾತು ಅವನನ್ನು ಇನ್ನೂ ಉರಿಸಿತು.

ಹತ್ತು ತುಂಬಿದ್ದೆ, ಹನ್ನೊಂದನೆಯದು ಉಳಿದಿತ್ತು, ಸೀಟಿ ಬಂದು ತಡೆದುಬಿಟ್ಟ, ಇಲ್ಲದಿದ್ದರೆ ಅದೂ ಮುಗಿಯುತ್ತಿತ್ತು, ಎಂದು ಮಗಳಿಗೆ ಹೇಳಿದೆ, ವಕೀಲರಿಗೂ ಅದನ್ನೇ ಹೇಳಿದೆ. ಸುಳ್ಳು. ಸೀಟಿ ಬಂದಾಗ ನಾನು ತುಂಬುತ್ತಿರಲಿಲ್ಲ. ಹತ್ತನೆಯದು ಮುಗಿದು ಎಷ್ಟೋ ಹೊತ್ತಾಗಿತ್ತು, ಬಿಸಿಲು ಸ್ಟೂಲಿನ ಕಾಲಿನಿಂದ ನನ್ನ ಪಾದಕ್ಕೆ ಬಂದಿತ್ತು, ಕುಂಚವನ್ನು ಡಬ್ಬದ ಮೇಲೆ ಅಡ್ಡ ಇಟ್ಟು, ಹಿಡಿಯನ್ನು ಬಲಗಡೆಗೆ ತಿರುಗಿಸಿ, ಬಲಗಡೆ ಕೂರುತ್ತಿದ್ದದ್ದು ಯಾರು ಎಂದು ಯೋಚಿಸಲೂ ಇಲ್ಲ, ಕೈ ತಾನಾಗಿ ತಿರುಗಿಸಿತ್ತು, ತೊಡೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದೆ. ಕಾಯುತ್ತಿದ್ದೆ. ಇನ್ನೇನು ಬರುತ್ತಾರೆ, ಚಹಾ ಕುಡಿದು ಬರುತ್ತಾರೆ, ಯಾರದೋ ಜೊತೆ ಮಾತಿಗೆ ನಿಂತಿರಬೇಕು, ಮಾತಿಗೆ ನಿಂತರೆ ಹೊತ್ತು ಗೊತ್ತಾಗುವುದಿಲ್ಲ ಇವರಿಗೆ, ಎಂದು ಒಳಗೊಳಗೇ ಸಣ್ಣಗೆ ಬೈದುಕೊಳ್ಳುತ್ತಾ ಕಾಯುತ್ತಿದ್ದೆ, ಹುಚ್ಚಲ್ಲ, ತಲೆ ಕೆಟ್ಟಿಲ್ಲ, ಸತ್ತಿದ್ದಾರೆಂದು ಗೊತ್ತು, ನಾನೇ ಕಣ್ಣು ಮುಚ್ಚಿದವಳು, ಆದರೂ ಆ ಅರ್ಧ ಗಂಟೆ ಎಷ್ಟು ಹಗುರವಾಗಿತ್ತು, ಕಾಯುವುದಕ್ಕೆ ಒಬ್ಬರಿದ್ದಾರೆ ಎಂದರೆ ಎಷ್ಟು ಹಗುರ, ಎರಡು ವರ್ಷ ನಾಲ್ಕು ತಿಂಗಳಿಂದ ನನಗೆ ಬೇಕಾಗಿದ್ದದ್ದು ಅದೊಂದೇ ಏನೋ, ಬರದಿದ್ದರೂ ಚಿಂತೆಯಿಲ್ಲ, ಕಾಯಲು ಬಿಡಿ. ಹಿಂದೆ ಹೆಜ್ಜೆ ಸದ್ದು ಕೇಳಿ, ಬಂದ್ರಾ, ಎಷ್ಟ್ ಹೊತ್ತು, ಎಂದೇಬಿಟ್ಟಿದ್ದೆ, ತಿರುಗಿದರೆ ಸೀಟಿ.

ಇನ್ನೂರ ಹದಿನಾಲ್ಕು! ಅಮ್ಮಾ ಏಳು, ನಮ್ದೇ, ಚಪ್ಪಲಿ ನೋಡ್ಕೋ, ಮಗಳು ತೋಳು ಹಿಡಿದು ಎಬ್ಬಿಸಿದಳು, ಒಳಗೆ ಫ್ಯಾನು, ಎತ್ತರದ ಮೇಜು, ಮೇಜಿನ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿದ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಶೀತವಾಗಿದೆ, ಕರವಸ್ತ್ರ ಮಡಿಚಿ ಮಡಿಚಿ ಇಡುತ್ತಾರೆ, ಮೇಡಂ ಅನ್ನಬೇಕು, ಕೈಕಟ್ಟಿ ನಿಲ್ಲಬೇಕು, ಎರಡು ಮಾತು, ತಪ್ಪಾಯ್ತು ಒಪ್ಕೋತೀನಿ. ಆ ಕಡೆ ಸೀಟಿ, ಬೇರೆ ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ, ಸೀಟಿಯಿಲ್ಲದೆ ಅವನ ಮುಖ ಮಗುವಿನ ಹಾಗಿದೆ. ಮಾಲು ಎಲ್ಲಿ ಎಂದರು ಮೇಡಂ, ಮಾಲು ತನ್ನಿ ಎಂದ ಗುಮಾಸ್ತೆ, ಪಕ್ಕದ ಬಾಗಿಲಿನಿಂದ ಇಬ್ಬರು ಪೊಲೀಸರು ಅಡ್ಡಡ್ಡ ಹಿಡಿದು ತಂದರು, ಬಾಗಿಲಿಗೆ ಒಂದು ಮೂಲೆ ತಾಗಿತು, ಮೆಲ್ಲಗೆ ಎಂದೆ, ಬಾಯಿ ತಾನಾಗಿ ಅಂದಿತು, ಎಲ್ಲರೂ ನನ್ನ ಕಡೆ ನೋಡಿದರು. ಗೋಡೆಗೆ ಒರಗಿಸಿ ನಿಲ್ಲಿಸಿದರು. ಎದೆ ಹೇಗೆ ಹೊಡೆದುಕೊಂಡಿತು, ಮದುವೆಗೆ ಮುಂಚೆ ಅಂಗಡಿಯ ಮುಂದೆ ಸೈಕಲ್ ನಿಂತ ಸದ್ದಿಗೆ ಹೊಡೆದುಕೊಳ್ಳುತ್ತಿದ್ದ ಹಾಗೆ, ಈ ವಯಸ್ಸಿಗೆ, ಕೋರ್ಟಿನಲ್ಲಿ, ನಾಚಿಕೆಯಾಗಬೇಕು, ಆಗಲಿಲ್ಲ, ಮೂರು ತಿಂಗಳಾಗಿತ್ತು ನೋಡಿ, ಕೆಂಪು ಎಷ್ಟು ಚೆನ್ನಾಗಿ ಒಣಗಿದೆ, ಹತ್ತೂ ಅಕ್ಷರ ಹೊಳೆಯುತ್ತಿವೆ, ಮೂಲೆಯಲ್ಲಿ ಹಸಿ ಬಣ್ಣ ಮುಟ್ಟಬೇಡಿ ಚೀಟಿ ಹಾಗೇ ಇದೆ, ಅದಕ್ಕೂ ಒಂದು ನಂಬರು ಹಾಕಿದ್ದಾರೆ, ಮತ್ತೆ ಕೊನೆಯಲ್ಲಿ ಹನ್ನೊಂದನೆಯದು, ದುಂಡು ಹೊಟ್ಟೆ, ಕೊಂಕಿದ ಬಾಲ, ಕಪ್ಪು ಗೆರೆ, ಒಳಗೆ ಬರೀ ಬಿಳಿ.

ಇದನ್ನ ನೀವು ಬಳಿದದ್ದಾ? ಬಳಿದಿಲ್ಲ ಮೇಡಂ, ತುಂಬಿದ್ದು. ವಕೀಲರು ಹಿಂದಿನಿಂದ ಕೆಮ್ಮಿದರು, ನಮ್ಮ ಕಕ್ಷಿದಾರರು ಒಪ್ಪಿಕೊಳ್ತಾರೆ ಮೇಡಂ, ವಯಸ್ಸಾದವರು, ಇದು ಅವರ ಯಜಮಾನರು ಬರೆದ ಬೋರ್ಡು, ಭಾವನಾತ್ಮಕವಾಗಿ. ಮೇಡಂ ಕನ್ನಡಕ ಮೇಲೇರಿಸಿ ಬೋರ್ಡು ನೋಡಿದರು, ಕಾಗದ ನೋಡಿದರು, ಕಾವಲುಗಾರರ ಹೇಳಿಕೇಲಿ ನೀವು ಕುಂಚ ಕೆಳಗಿಟ್ಟು ಸುಮ್ಮನೆ ಕೂತಿದ್ರಿ ಅಂತಿದೆಯಲ್ಲ, ಹತ್ತು ತುಂಬಿ ಒಂದನ್ನ ಯಾಕೆ ಬಿಟ್ರಿ? ಸೀಟಿ ತಲೆ ತಗ್ಗಿಸಿದ, ನಿಜ ಬರೆಸಿಬಿಟ್ಟಿದ್ದಾನೆ ಮಹಾರಾಯ. ಮಗಳು ನನ್ನ ಕಡೆ ತಿರುಗಿದಳು, ಅವಳಿಗೆ ಗೊತ್ತು, ಚಿಕ್ಕವಳಿದ್ದಾಗ ಇಬ್ಬರ ನಡುವೆ ಕೂತು ಡಬ್ಬದ ಮುಚ್ಚಳ ನೆಕ್ಕಲು ಹೋಗಿ ಪೆಟ್ಟು ತಿಂದವಳು, ಕೊನೆಯದು ಯಾರದೆಂದು ಅವಳಿಗೆ ಗೊತ್ತು. ಹೇಳಿ ಅಮ್ಮಾ, ಯಾಕೆ ಬಿಟ್ರಿ. ಅದು ನಂದಲ್ಲ ಮೇಡಂ, ಎಂದೆ. ಮೇಡಂ ಮೂಗು ಒರೆಸಿಕೊಂಡರು, ಸರಿ, ಫಲಕ ಕೆಡಿಸಿದ ಆರೋಪ ನಿಮ್ಮ ಮೇಲಿದೆ, ತಪ್ಪು ಒಪ್ಕೋತೀರಾ, ಒಪ್ಕೊಂಡ್ರೆ ಇವತ್ತೇ ಮುಗಿಸ್ತೀನಿ.

ಇವತ್ತೇ ಮುಗಿಯುತ್ತದೆ. ಎರಡು ಮಾತು, ಆಮೇಲೆ ಆ ಇಬ್ಬರು ಪೊಲೀಸರು ಅದನ್ನು ಅಡ್ಡಡ್ಡ ಎತ್ತಿಕೊಂಡು ಹೊರಟರೆ, ಇಲಾಖೆ, ಗುಜರಿ, ಭಟ್ಟಿ, ಮುಗಿಯಿತು, ಬೀದಿಗೆ ಹೋದರೆ ಬರೀ ಮೊಳೆಯ ತೂತು. ಒಪ್ಪದಿದ್ದರೆ ಏನಾಗುತ್ತೆ ಅಂತ ಬೆಳಗ್ಗೆ ಮೆಟ್ಟಿಲ ಮೇಲೆ ವಕೀಲರನ್ನು ಸುಮ್ಮನೆ ಕೇಳಿದ್ದೆ, ಅಯ್ಯೋ ಅಮ್ಮಾ, ಅದೊಂದು ಮಾಡ್ಬೇಡಿ, ವಿಚಾರಣೆ ಶುರುವಾಗುತ್ತೆ, ವರ್ಷಗಟ್ಟಲೆ ಎಳೀತಾರೆ, ತಾರೀಖಿಗೊಂದ್ಸಲ ನೀವು ಬರಬೇಕು, ಬೋರ್ಡನ್ನೂ ತಂದು ನಿಮ್ಮೆದುರೇ ನಿಲ್ಲಿಸ್ತಾರೆ, ಈ ಮೇಡಂ ಹತ್ರ ಮಾಲು ಇಲ್ದೆ ಕೇಸು ನಡೆಯಲ್ಲ, ಅಲ್ಲೀವರೆಗೂ ಕೋರ್ಟಿನ ಕೋಣೇಲಿ ಭದ್ರವಾಗಿ ಬಿದ್ದಿರುತ್ತೆ, ಯಾಕೆ ಬೇಕು ಆ ತಲೆನೋವು. ತಾರೀಖಿಗೊಂದು ಸಲ. ನಿಮ್ಮೆದುರೇ. ಬಿಸಿಲಿಲ್ಲ, ಮಳೆಯಿಲ್ಲ, ಬೀಗ ಹಾಕಿದ ಕೋಣೆ, ಕೆಂಪು ಕೂಡ ಸಾಯುವುದಿಲ್ಲ ಅಲ್ಲಿ. ಸುಳ್ಳು ಹೇಳಬಾರದು ಎಂದುಕೊಂಡೆ, ಆದರೆ ಸುಳ್ಳೆಲ್ಲಿ, ಅವರು ಕೇಳುತ್ತಿರುವುದು ಕೆಡಿಸಿದೆಯಾ ಎಂದು. ಇಲ್ಲ ಮೇಡಂ. ಏನು ಇಲ್ಲ? ನಾನು ಕೆಡಿಸಿಲ್ಲ, ಬೇಕಾದ್ರೆ ಹತ್ರ ಬಂದು ನೋಡಿ, ಹತ್ತರಲ್ಲಿ ಒಂದ್ ಕಡೆನಾದ್ರೂ ಗೆರೆ ದಾಟಿದ್ರೆ ನಿಮ್ಮಿಷ್ಟ, ಒಪ್ಕೊಳಲ್ಲ. ಅಮ್ಮಾ! ಎಂದಳು ಮಗಳು, ವಕೀಲರು ಕೈಲಿದ್ದ ಕಾಗದ ಕೆಳಗಿಳಿಸಿದರು, ಮೇಡಂ ಒಂದು ಕ್ಷಣ ನನ್ನನ್ನೇ ನೋಡಿದರು, ಆಮೇಲೆ ಬೋರ್ಡಿನ ಕೊನೆಯ ಕಡೆ ಅವರ ಕಣ್ಣು ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ವಿಚಾರಣೆಗೆ ತಾರೀಖು ಕೊಡಿ, ಮಾಲು ಜೋಪಾನವಾಗಿಡಿ, ತಂದು ತೋರಿಸಬೇಕು, ಎಂದು ಗುಮಾಸ್ತೆಗೆ ಹೇಳಿದರು. ಮುಂದಿನ ತಿಂಗಳು ಹದಿನೇಳು, ಗುರುವಾರ, ಬೆಳಗ್ಗೆ ಹತ್ತೂವರೆ. ಹದಿನೇಳು, ಗುರುವಾರ, ಎಂದು ಒಳಗೇ ಹೇಳಿಕೊಂಡೆ, ಆ ನೀಲಿ ಬಟ್ಟೆ ಇಸ್ತ್ರಿಗೆ ಕೊಡಬೇಕು, ನೀಲಿ ಎಂದರೆ ಇವರಿಗೆ ಇಷ್ಟ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು, ಇನ್ನೇನು ಮಗಳು ಬೈಯುತ್ತಾಳೆ, ಬೈಯಲಿ, ಬೈಯುವ ಹಕ್ಕಿದೆ, ಅಂಗಡಿಯಲ್ಲಿ ಇಲಾಖೆಯವರ ಮುಂದೆ ಅವಳು ತಲೆ ತಗ್ಗಿಸಬೇಕು, ಅವಳು ಫೋನು ತೆಗೆದು ಹದಿನೇಳಕ್ಕೆ ಏನೋ ಒತ್ತಿದಳು, ಪೂರ್ತಿ ದಿನ ರಜಾ ಹಾಕ್ತೀನಿ, ಅರ್ಧ ದಿನ ಸಾಲಲ್ಲ ಎಂದಳು, ಆಮೇಲೆ ಬೇರೆ ಕಡೆ ನೋಡುತ್ತಾ, ಆ ಬಾಲ ನಂಗೆ ಕಂಪ್ಯೂಟರಲ್ಲಿ ಎಷ್ಟ್ ಸಲ ಎಳೆದ್ರೂ ಬರಲ್ಲಮ್ಮಾ, ಎಂದಳು. ಅವಳ ಕೈ ಹಿಡಿದುಕೊಂಡೆ. ಹೇಳಬೇಕಿತ್ತು ಅವಳಿಗೆ, ಕುಂಚ ಎತ್ತುವ ಮುಂಚೆ ಉಸಿರು ಬಿಡಬೇಕು ಅಂತ, ಹೇಳಲಿಲ್ಲ, ಹಿಂದಿನ ಓಣಿಯಲ್ಲಿ ಪೊಲೀಸರಿಬ್ಬರು ಬೋರ್ಡು ಹೊತ್ತು ಕೋಣೆಯ ಕಡೆ ಹೋಗುತ್ತಿದ್ದರು, ಬಾಗಿಲು ಚಿಕ್ಕದು, ಓರೆ ಮಾಡಿದರು, ಇಲ್ಲಿ ಎನ್ನುವುದು ಕತ್ತಲೆಗೆ ಹೋಯಿತು, ನೀರಿಗೆ ಹೋಯಿತು, ಇಳಿಯಬಾರ ಎನ್ನುವವರೆಗೂ ಕೆಂಪು ಹೋಯಿತು, ಒಳಗೆ ಏನೋ ಅಡ್ಡ ಬಂತೇನೋ, ಅಲ್ಲೇ ನಿಂತರು, ಬಾಗಿಲ ಹೊರಗೆ ಉಳಿದದ್ದು ಅದೊಂದೇ, ಬಿಸಿಲಿನಲ್ಲಿ, ಕಪ್ಪು ಗೆರೆ, ದುಂಡು ಹೊಟ್ಟೆ, ಮೇಲಕ್ಕೆ ಒಂದಿಷ್ಟೇ ತಿರುಗಿದ ಬಾಲ, ಅದನ್ನ ನಂಗೆ ಬಿಡು, ಬಿಟ್ಟಿದ್ದೇನೆ ರೀ, ಬಿಟ್ಟೇ ಇದ್ದೇನೆ, ಹನ್ನೊಂದನೆಯದು, ಒಳಗೆ ಬರೀ ಬಿಳಿ, ಬರೀ ಬಿಳಿ